ಇಲ್ಲಿ ಒಬ್ಬರು ಬರ್ತಾರೆ

ಅಕ್ಕನ ಮಗಳಿಗೆ ಈಗ 12 ವರ್ಷ. ಮೊನ್ನೆ ರಜೆಗೆಂದು ಬಂದವಳು ಎರಡೇ ದಿನದಲ್ಲಿ ಒಂದು ಕಾದಂಬರಿ ಓದಿ ಮುಗಿಸಿದಳು. ಹೊಸ ಊರಿಗೆ ಬಂದ ಹುಡುಗಿಯ ಕಥೆ. ಮಾತಾಡಿಸುವವರಿಲ್ಲ, ಮನೆಯಲ್ಲಿ ಹೇಳಿಕೊಳ್ಳುವ ಹಾಗಿಲ್ಲ. ಕೊನೆಗೆ ಒಬ್ಬ ಗೆಳತಿ ಸಿಗುತ್ತಾಳೆ, ಅಷ್ಟು ಹೊತ್ತಿಗೆ ಹುಡುಗಿ ಬೆಳೆದುಬಿಟ್ಟಿರುತ್ತಾಳೆ. ಇಂಥ ಪುಸ್ತಕಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಕಪಾಟಿನ ಒಂದು ಸಾಲು ಪೂರ್ತಿ ಇವೇ ಇವೆ. ಅವಳು ಓದಿದ್ದೂ ಆ ಸಾಲಿನಿಂದಲೇ ತೆಗೆದದ್ದು. ಕೊನೆಯ ಪುಟ ಮುಗಿಸಿ, ಪುಸ್ತಕ ಎದೆಯ ಮೇಲಿಟ್ಟುಕೊಂಡು, ಮಲಗಿದಲ್ಲಿಂದಲೇ ಕೇಳಿದಳು: "ಚಿಕ್ಕಮ್ಮ, ನೀನೂ ಚಿಕ್ಕವಳಿದ್ದಾಗ ಹೀಗೇ ಇದ್ಯಾ?" ನಾನು "ಹೂಂ, ಹೀಗೇ ಇದ್ದೆ" ಅಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ಮರ್ಯಾದೆಯಿಂದ ನೋಡಿದಳು. (ಆ ವಯಸ್ಸಿನಲ್ಲಿ ಒಂಟಿಯಾಗಿದ್ದವರ ಮೇಲೆ ಒಂಥರಾ ಮರ್ಯಾದೆ ಇರುತ್ತದೆ. ಯುದ್ಧಕ್ಕೆ ಹೋಗಿ ಬಂದವರ ಮೇಲೆ ಇರುವಂಥದ್ದು.) ಅವಳ ಪಾಲಿಗೆ ಮಾತು ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ.

ಹೇಳಿದ್ದು ಸುಳ್ಳೇನೂ ಅಲ್ಲ. 11 ವರ್ಷವಾಗಿದ್ದಾಗ ನಾನೂ ಊರು ಬಿಟ್ಟು ಊರಿಗೆ ಬಂದವಳೇ. ಆದರೆ ಅದು ಒಂದು ವರ್ಷದ ಮಾತು. ಆಮೇಲಿನ ವರ್ಷಗಳಲ್ಲಿ ನಾನು ಬೇರೆ ಏನೋ ಆಗಿದ್ದೆ, ಅದನ್ನು ಹೇಳಲಿಲ್ಲ. ಗಮನಿಸಿ ನೋಡಿ, ಇಂಥ ಕಾದಂಬರಿ ಓದಿದ ಯಾರನ್ನೇ ಕೇಳಿದರೂ "ನಾನೇ ಆ ಹುಡುಗಿ" ಅನ್ನುತ್ತಾರೆ. ತರಗತಿಯಲ್ಲಿ ಸುತ್ತ ನಾಲ್ಕು ಜನರನ್ನು ಕಟ್ಟಿಕೊಂಡು ತಿರುಗುತ್ತಿದ್ದ ನನ್ನ ಗೆಳತಿಯೂ ಹಾಗೇ ಅಂದಳು. ಎಲ್ಲರೂ ಬೆಂಚಿನ ಪಕ್ಕ ನಿಂತು, ಎಲ್ಲಿ ಕೂರಲಿ ಅಂತ ನೋಡುತ್ತಿದ್ದವರೇ ಆದರೆ, ಬೆಂಚಿನ ಮೇಲೆ ಕೂತಿದ್ದವರು ಯಾರು?

ಹುಡುಗ ಹೋಗುತ್ತಾನೆ, ಹುಡುಗಿಯನ್ನು ಕಳಿಸುತ್ತಾರೆ

ಚಿಕ್ಕವರು ಬೆಳೆದು ದೊಡ್ಡವರಾಗುವ ಕಥೆಗೆ ಜರ್ಮನ್ನರು ಬಿಲ್ಡುಂಗ್ಸ್‌ರೋಮಾನ್ ಅಂತ ಹೆಸರಿಟ್ಟರು. ಅದಕ್ಕೆ ಮಾದರಿ ಅಂತ ಯಾವಾಗಲೂ ತೋರಿಸುವುದು ಜರ್ಮನ್ ಕವಿ ಗಯಟೆ 1795-96ರಲ್ಲಿ ಪ್ರಕಟಿಸಿದ ವಿಲ್ಹೆಲ್ಮ್ ಮೈಸ್ಟರನ ಕಥೆಯನ್ನು. ಅದರಲ್ಲಿ ವ್ಯಾಪಾರಿಯ ಮಗ ನಾಟಕದ ಹುಚ್ಚು ಹಿಡಿಸಿಕೊಂಡು ಊರೂರು ತಿರುಗುತ್ತಾನೆ. ಹೆಚ್ಚುಕಡಿಮೆ ತನ್ನ ಇಷ್ಟದಂತೆ. ಇದಾಗಿ 80ಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1880ರಲ್ಲಿ, ಸ್ವಿಟ್ಜರ್‌ಲೆಂಡಿನ ಯೊಹಾನ್ನಾ ಸ್ಪೀರಿ 'ಹೈದಿ' ಬರೆದರು. ನಾವೆಲ್ಲ ಅದನ್ನು ಬೆಟ್ಟ, ಮೇಕೆ, ಅಜ್ಜ ಅಂತ ನೆನಪಿಟ್ಟುಕೊಂಡಿದ್ದೇವೆ. ಆದರೆ ಆ ಪುಸ್ತಕದ ಮೂಲ ಹೆಸರು 'ಹೈದಿಯ ಕಲಿಕೆಯ ಮತ್ತು ಅಲೆದಾಟದ ವರ್ಷಗಳು' ಎಂಬ ಅರ್ಥದ್ದು. ಗಯಟೆಯ ನಾಯಕನ ಕಥೆಯ ಮೊದಲ ಭಾಗ ಕಲಿಕೆಯ ವರ್ಷಗಳು, ಮುಂದಿನದು ಅಲೆದಾಟದ ವರ್ಷಗಳು. ಆ ಎರಡು ಹೆಸರನ್ನೂ ಒಟ್ಟಿಗೆ ಎತ್ತಿಕೊಂಡು ಐದು ವರ್ಷದ ಅನಾಥ ಹುಡುಗಿಗೆ ತೊಡಿಸಿದ್ದಾರೆ. ಇದು ಗೊತ್ತಾದ ದಿನ ನಾನು ಒಬ್ಬಳೇ ನಕ್ಕಿದ್ದೆ. ತುಂಟತನವೋ, ಪಂದ್ಯವೋ, ಏನಾದರೂ ಇರಲಿ, ಧೈರ್ಯ ಜಾಸ್ತಿಯೇ.

ಆದರೆ ವ್ಯತ್ಯಾಸ ನೋಡಿ. ವಿಲ್ಹೆಲ್ಮ್ ಹೋಗುತ್ತಾನೆ. ಹೈದಿಯನ್ನು ಕರೆದುಕೊಂಡು ಹೋಗುತ್ತಾರೆ. ಮೊದಲು ಚಿಕ್ಕಮ್ಮ ತಂದು ಬೆಟ್ಟದ ಮೇಲಿನ ಅಜ್ಜನ ಹತ್ತಿರ ಬಿಡುತ್ತಾಳೆ, ಆಮೇಲೆ ಅದೇ ಚಿಕ್ಕಮ್ಮ ಬಂದು ಪುಸಲಾಯಿಸಿ ಫ್ರಾಂಕ್‌ಫರ್ಟಿಗೆ ಒಯ್ಯುತ್ತಾಳೆ. 1847ರ 'ಜೇನ್ ಏರ್' ಕಾದಂಬರಿಯ ಜೇನ್‌ಳನ್ನು, ಮನೆಯಿಂದ ತೊಲಗಿಸಲೆಂದೇ ಅವಳ ಅತ್ತೆ ಶಾಲೆಗೆ ಕಳಿಸುತ್ತಾಳೆ. 1908ರ 'ಆನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿಯ ಆನ್ ಅಂತೂ ತಪ್ಪಾಗಿ ಬಂದವಳು. ಹೊಲದ ಕೆಲಸಕ್ಕೆ ಗಂಡು ಹುಡುಗ ಬೇಕು ಅಂತ ಕೇಳಿದ್ದವರ ಬಾಗಿಲಿಗೆ ಕೆಂಪು ಕೂದಲಿನ ಹುಡುಗಿ ಬಂದಿಳಿಯುತ್ತಾಳೆ. 1911ರ 'ದಿ ಸೀಕ್ರೆಟ್ ಗಾರ್ಡನ್' ಕಾದಂಬರಿಯ ಮೇರಿ ಲೆನಾಕ್ಸ್ ಕಾಲರಾದಲ್ಲಿ ಅಪ್ಪ ಅಮ್ಮ ಸತ್ತ ಮೇಲೆ ಭಾರತದಿಂದ ಹಡಗು ಹತ್ತಿ, ಕಂಡರಿಯದ ಮಾವನ ನೂರು ಕೋಣೆಯ ಮನೆಗೆ ಹೋಗುತ್ತಾಳೆ. ಒಬ್ಬಳೂ ತಾನಾಗಿ ಹೊರಟವಳಲ್ಲ. ಗಂಡು ಹುಡುಗರನ್ನೂ ಹೀಗೆ ಕಳಿಸಿದ್ದುಂಟು. ಡಿಕನ್ಸ್‌ನ ಡೇವಿಡ್ ಕಾಪರ್‌ಫೀಲ್ಡ್‌ನನ್ನು ಹತ್ತು ವರ್ಷಕ್ಕೇ ಬಾಟಲಿ ತೊಳೆಯುವ ಕೆಲಸಕ್ಕೆ ಹಚ್ಚುತ್ತಾರೆ. ಆದರೆ ಅವನು ಅಲ್ಲಿಂದ ಓಡಿಹೋಗುತ್ತಾನೆ, ಡೋವರ್‌ನಲ್ಲಿರುವ ಅಜ್ಜಿಯಂಥ ಅತ್ತೆಯ ಮನೆಯವರೆಗೆ ನಡೆದೇ ಹೋಗುತ್ತಾನೆ. ಹೈದಿಗೂ ಓಡಿಹೋಗಬೇಕು ಅಂತ ಅನ್ನಿಸುತ್ತದೆ. ಅವಳು ನಿದ್ದೆಯಲ್ಲಿ ನಡೆಯುತ್ತಾಳೆ. ದಿನಾ ಬೆಳಿಗ್ಗೆ ಮುಂಬಾಗಿಲು ತೆರೆದೇ ಇರುತ್ತದೆ, ಮನೆಯವರೆಲ್ಲ ದೆವ್ವ ಅಂತ ಹೆದರುತ್ತಾರೆ. ಯಜಮಾನ ಮತ್ತು ಅವನ ಗೆಳೆಯ ಡಾಕ್ಟರು ರಾತ್ರಿಯಿಡೀ ಕಾದು ಕೂತರೆ, ಬಿಳಿ ಅಂಗಿ ತೊಟ್ಟ ಹುಡುಗಿ ಬರಿಗಾಲಲ್ಲಿ ಬಾಗಿಲ ಹತ್ತಿರ ನಿಂತಿರುತ್ತಾಳೆ.

ಎಚ್ಚರವಿದ್ದಾಗ ಹೇಳಲಾಗದ್ದನ್ನು ಅವಳ ಕಾಲು ಹೇಳುತ್ತಿತ್ತು. ಹೇಳಬಾರದು ಅಂತ ಅವಳಿಗೆ ತಾಕೀತಾಗಿತ್ತು, ಹಾಗೆ ಹೇಳಿದರೆ ಸಾಕಿದವರಿಗೆ ಕೃತಘ್ನಳಾದಂತೆ. ಈ ಒಂದು ಭಯ ಮಾತ್ರ ಇಂಥ ಎಲ್ಲ ಹುಡುಗಿಯರಿಗೂ ಇದೆ. ದೊಡ್ಡವರು ಪಾಪ ಏನೋ ಒಳ್ಳೆಯದಕ್ಕೇ ಊರು ಬದಲಿಸಿರುತ್ತಾರೆ. ಅವರ ಮುಖ ನೋಡಿದರೆ "ನನಗಿಲ್ಲಿ ಬೇಡ" ಅನ್ನಲು ಬಾಯಿ ಬರುವುದಿಲ್ಲ. "ಶಾಲೆ ಹೇಗಿತ್ತು?" ಅಂದರೆ "ಚೆನ್ನಾಗಿತ್ತು". ಅಷ್ಟೇ. ಈ ಒಂದು ಪದ ಎಷ್ಟು ಮನೆಗಳಲ್ಲಿ ಎಷ್ಟು ಸಂಜೆಗಳನ್ನು ಕಾಪಾಡಿದೆಯೋ.

ಬಿಡುವಿನ ನಲವತ್ತು ನಿಮಿಷ

ನನ್ನದೂ ಚೆನ್ನಾಗಿತ್ತು. ವರ್ಷದ ನಡುವೆ ಸೇರಿದ್ದೆ. ಅಷ್ಟು ಹೊತ್ತಿಗೆ ಯಾರ ಪಕ್ಕ ಯಾರು ಅನ್ನುವುದು ತೀರ್ಮಾನವಾಗಿರುತ್ತದೆ. ಪಾಠ ನಡೆಯುವಾಗ ಏನೂ ತೊಂದರೆ ಇರಲಿಲ್ಲ. ಪಾಠದಲ್ಲಿ ಎಲ್ಲರೂ ಒಂಟಿಗಳೇ ಅಲ್ವಾ. ಕಷ್ಟ ಇದ್ದದ್ದು ಮಧ್ಯಾಹ್ನದ ಬಿಡುವಿನಲ್ಲಿ. ನಲವತ್ತು ನಿಮಿಷ. ಗಂಟೆ ಹೊಡೆದ ಕೂಡಲೇ ಗುಂಪುಗಳು ತಾವಾಗಿಯೇ ಕೂಡುತ್ತಿದ್ದವು. ನಾನು ಡಬ್ಬಿ ತೆಗೆಯುವುದನ್ನು ಆದಷ್ಟು ನಿಧಾನ ಮಾಡುತ್ತಿದ್ದೆ. ಊಟ ಎಂಟು ನಿಮಿಷಕ್ಕೆ ಮುಗಿಯುತ್ತಿತ್ತು. ಒಬ್ಬರೇ ತಿಂದರೆ ಎಷ್ಟು ಬೇಗ ಮುಗಿಯುತ್ತದೆ ಅನ್ನುವುದು ಗೊತ್ತಾದದ್ದೇ ಆವಾಗ. ಇನ್ನು ಮೂವತ್ತೆರಡು ನಿಮಿಷ. ಕೈ ತೊಳೆಯಲು ಹೋಗುವುದು, ದೂರದ ನಲ್ಲಿಗೆ. ನೀರು ಕುಡಿಯಲು ಹೋಗುವುದು, ಇನ್ನೊಂದು ಕಡೆಯ ನಲ್ಲಿಗೆ. ನೋಟಿಸು ಬೋರ್ಡಿನ ಮುಂದೆ ನಿಂತು ದೊಡ್ಡ ತರಗತಿಗಳ ಪರೀಕ್ಷಾ ವೇಳಾಪಟ್ಟಿ ಓದುವುದು. ಗೊತ್ತಿಲ್ಲದವರು ನೋಡಿದರೆ ಈ ಹುಡುಗಿಗೆ ಎಷ್ಟೊಂದು ಕೆಲಸ ಇದೆ ಅನ್ನಬೇಕು, ಹಾಗೆ ಬೇಗ ಬೇಗ ನಡೆಯುತ್ತಿದ್ದೆ. ಎಲ್ಲಿಗೂ ಹೋಗಬೇಕಾಗಿಲ್ಲದವರು ನಡೆಯುವ ವೇಗ ಅದು.

ಆದರೆ ಇದನ್ನು ಒಂಟಿತನ ಅಂತ ನಾನು ಕರೆದಿರಲಿಲ್ಲ. ಹೊಟ್ಟೆನೋವು ಅಂತ ಕರೆಯುತ್ತಿದ್ದೆ. ನಿಜಕ್ಕೂ ನೋಯುತ್ತಿತ್ತು, ಭಾನುವಾರ ಸಂಜೆ ಶುರುವಾಗುತ್ತಿತ್ತು. ಅದರ ಹೆಸರು ಬೇರೆ ಅಂತ ಹೊಳೆದದ್ದು ಬಹಳ ವರ್ಷಗಳ ಮೇಲೆ, ಮೇರಿ ಲೆನಾಕ್ಸ್‌ಳ ಕಥೆ ಓದುವಾಗ. ಮೇರಿಯನ್ನು ನನಗೆ ಇಷ್ಟವಾಗಿಸಿದ್ದು ಅವಳ ಕೆಟ್ಟ ಗುಣ. ಮುಖ ಗಂಟು, ಮಾತು ಒರಟು, ಆಳುಗಳಿಗೆ ಹೊಡೆದು ಅಭ್ಯಾಸ. ಬರೆದವರು ಅವಳನ್ನು ಮೊದಲ ವಾಕ್ಯದಲ್ಲೇ ಚೆಲುವಿಲ್ಲದವಳು ಮಾಡಿಬಿಟ್ಟಿದ್ದಾರೆ. ಒಂಟಿ ಹುಡುಗಿ ಅಂದರೆ ಸದಾ ಮೃದು, ಸೂಕ್ಷ್ಮ, ಕಣ್ಣಲ್ಲಿ ನೀರು ಅಂತ ಬರೆಯುವ ಪುಸ್ತಕಗಳನ್ನು ನಾನು ನಂಬುವುದಿಲ್ಲ. ಯಾರೂ ಮಾತಾಡಿಸದ ಮಗು ಸಿಡುಕಾಗುತ್ತದೆ. ಮನೆಯಲ್ಲಿ ತಮ್ಮನ ಮೇಲೆ ಕಿರುಚುತ್ತದೆ. ಆ ಕಥೆಯಲ್ಲಿ ಒಂದು ಕಡೆ ಮುದಿ ತೋಟಗಾರ ಅಲ್ಲಿನ ಪುಟ್ಟ ಹಕ್ಕಿಯೊಂದರ ಬಗ್ಗೆ ಹೇಳುತ್ತಾನೆ. ಅದರ ಜೊತೆಯ ಮರಿಗಳೆಲ್ಲ ಹಾರಿಹೋದವು, ತಾನು ಒಂಟಿ ಅಂತ ಅದಕ್ಕೆ ತಿಳಿಯಿತು ಅಂತ. ಮೇರಿ ಒಂದು ಹೆಜ್ಜೆ ಹಕ್ಕಿಯ ಹತ್ತಿರ ಹೋಗಿ, ನಾನೂ ಒಂಟಿ ಅನ್ನುತ್ತಾಳೆ. ತನ್ನ ಸಿಡುಕಿಗೆ ಇದೂ ಒಂದು ಕಾರಣ ಅಂತ ಅವಳಿಗೇ ಆವರೆಗೆ ಗೊತ್ತಿರುವುದಿಲ್ಲ. ಬಸ್ಸಿನಲ್ಲಿ ಕೂತು ಆ ಪುಟ ಓದಿದೆ. ಇಳಿಯುವ ನಿಲ್ದಾಣ ದಾಟಿಹೋಯಿತು.

ಬರೆಯುವವರಿಗೆ ಒಂಟಿತನ ದೊಡ್ಡ ತಲೆನೋವು ಅಂತ ನನ್ನ ಅನುಮಾನ. ಯಾಕೆಂದರೆ ಅದರಲ್ಲಿ ಏನೂ ನಡೆಯುವುದಿಲ್ಲ. ಎರಡು ನಲ್ಲಿಗಳ ನಡುವೆ ಓಡಾಡುವ ಹುಡುಗಿಯ ಬಗ್ಗೆ ಎಷ್ಟು ಪುಟ ಬರೆಯಲಾದೀತು? ಹಾಗಾಗಿ ಒಳ್ಳೆಯ ಲೇಖಕಿಯರು ಏನಾದರೂ ಉಪಾಯ ಹುಡುಕುತ್ತಾರೆ. ಸ್ಪೀರಿ ಹುಡುಗಿಯನ್ನು ನಿದ್ದೆಯಲ್ಲಿ ನಡೆಸಿದರು. ಆನ್‌ಳನ್ನು ಸೃಷ್ಟಿಸಿದ ಎಲ್. ಎಂ. ಮಾಂಟ್‌ಗೊಮೆರಿ ಪುಸ್ತಕದ ಕಪಾಟಿನ ಗಾಜಿನಲ್ಲಿ ಒಬ್ಬ ಗೆಳತಿಯನ್ನು ಕೊಟ್ಟರು. ಗಾಜಿನಲ್ಲಿ ಕಾಣುವುದು ಆನ್‌ಳದೇ ಮುಖ, ಆದರೆ ಅವಳು ಅದಕ್ಕೆ ಬೇರೆ ಹೆಸರಿಟ್ಟು ಗಂಟೆಗಟ್ಟಲೆ ಮಾತಾಡುತ್ತಾಳೆ. ಆ ಮನೆ ಬಿಟ್ಟು ಹೊರಡುವಾಗ ಗಾಜಿನ ಆ ಹುಡುಗಿಗೆ ಮುತ್ತಿಟ್ಟು ಅಳುತ್ತಾಳೆ. ಮುಂದಿನ ಮನೆಯಲ್ಲಿ ಗಾಜಿನ ಕಪಾಟು ಇಲ್ಲ, ಅಲ್ಲಿ ಕಣಿವೆಯ ಪ್ರತಿಧ್ವನಿಯೇ ಗೆಳತಿ. ಆನ್ ಹೇಳುತ್ತಾಳೆ ಇದನ್ನೆಲ್ಲ, ಕೇಳುತ್ತಿರುವ ಮರಿಲ್ಲಾಗೆ, ಅವಳನ್ನು ಮನೆಯಲ್ಲಿಟ್ಟುಕೊಂಡ ಹೆಂಗಸಿಗೆ, ಇದು ಸರಿಬರುವುದಿಲ್ಲ. ಮಾಂಟ್‌ಗೊಮೆರಿ ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡು ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದವರು. ಅವರಿಗೂ ಚಿಕ್ಕಂದಿನಲ್ಲಿ ಗಾಜಿನೊಳಗೆ ಇಂಥ ಗೆಳತಿಯರಿದ್ದರು. ಇನ್ನು 1967ರಲ್ಲಿ ಬಂದ ಜೋನ್ ಜಿ. ರಾಬಿನ್ಸನ್‌ರ ಕಾದಂಬರಿಯೊಂದಿದೆ, ಅದರ ಅನ್ನಾ ಲಂಡನ್ನಿನಿಂದ ಕಡಲತೀರದ ಹಳ್ಳಿಗೆ ಬರುತ್ತಾಳೆ. ಕಣ್ಣಿಗೆ ಕಾಣದ ಒಂದು ವೃತ್ತ ಇದೆ, ಉಳಿದವರೆಲ್ಲ ಅದರ ಒಳಗೆ, ತಾನು ಹೊರಗೆ ಅಂತ ಅವಳ ಲೆಕ್ಕ. ಇದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ. ಆದರೆ ವೃತ್ತ ಹೊರಗಿನಿಂದ ಹೇಗೆ ಕಾಣುತ್ತದೆ ಅನ್ನುವುದಷ್ಟೇ ಅದರಲ್ಲಿದೆ. ಒಳಗಿನಿಂದ ಹೇಗೆ ಕಾಣುತ್ತದೆ ಅಂತ ನಾನು ಹೇಳಬಲ್ಲೆ.

ಬೆಂಚಿನ ಮೇಲಿಂದ

ನನಗೂ ಗೆಳತಿ ಸಿಕ್ಕಳು. ಅದರ ಕಥೆ ಇಲ್ಲಿ ಬೇಡ, ಎಲ್ಲ ಪುಸ್ತಕಗಳಲ್ಲೂ ಇದ್ದಂತೆಯೇ ಇತ್ತು. ಮುಖ್ಯ ಏನೆಂದರೆ, ಅವಳ ಜೊತೆಗೆ ಇನ್ನಿಬ್ಬರು ಬಂದರು. ನಾಲ್ಕು ಜನ ಆದೆವು. ನಾಲ್ಕನೆಯವಳು ನಾನು. ಇದು ನನಗೆ ಪ್ರತಿದಿನ ನೆನಪಿರುತ್ತಿತ್ತು, ಬಹುಶಃ ಆ ಮೂವರಿಗೆ ನೆನಪೂ ಇರಲಿಲ್ಲ. ಒಬ್ಬಳು ಒಂದು ದಿನ ಮುಖ ಊದಿಸಿಕೊಂಡರೆ ನನ್ನ ಜಾಗ ಹೋಯಿತು ಅಂತಲೇ ಅನ್ನಿಸುತ್ತಿತ್ತು.

ಎರಡು ವರ್ಷ ಕಳೆದಿತ್ತು. ವರ್ಷದ ನಡುವೆಯೇ ಇನ್ನೊಬ್ಬ ಹುಡುಗಿ ಬಂದು ಸೇರಿದಳು. ಕಂದು ಬಣ್ಣದ ದೊಡ್ಡ ಕೊಡೆ ತರುತ್ತಿದ್ದಳು, ದೊಡ್ಡವರದು. ಅದನ್ನು ಎಲ್ಲಿಡಬೇಕು ಅಂತ ಅವಳಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಗೆಳತಿಯರು ಮೂವರೂ ಯಾವುದೋ ಅಭ್ಯಾಸಕ್ಕೆ ಹೋಗಿದ್ದರು. ನಾನೊಬ್ಬಳೇ ನಮ್ಮ ಬೆಂಚಿನಲ್ಲಿದ್ದೆ. ಆ ಹುಡುಗಿ ಡಬ್ಬಿ ಹಿಡಿದುಕೊಂಡು ಬಂದಳು. ನನ್ನ ಹತ್ತಿರವೇ ಬಂದಳು. ಬೇರೆಯವರನ್ನು ಬಿಟ್ಟು ನನ್ನ ಹತ್ತಿರವೇ ಯಾಕೆ ಬಂದಳು ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಮುಖದಲ್ಲಿ ಏನೋ ಕಂಡಿರಬೇಕು. "ಇಲ್ಲಿ ಕೂರ್ಲಾ?" ಅಂದಳು. ಬೆಂಚಿನಲ್ಲಿ ಮೂರು ಜನರ ಜಾಗ ಖಾಲಿ ಇತ್ತು.

"ಇಲ್ಲಿ ಒಬ್ಬರು ಬರ್ತಾರೆ" ಅಂದೆ.

ಯಾರೂ ಬರುವವರಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು, ಆ ಮೂವರು ಹೊರಗೆ ಹೋಗಿದ್ದನ್ನು ಅವಳೂ ನೋಡಿದ್ದಳು. "ಸರಿ" ಅಂದಳು. ಜಗಳವಿಲ್ಲ, ಮುಖ ಸಿಂಡರಿಸಲಿಲ್ಲ. ತಿರುಗಿ ಹೋದಳು. ಆಮೇಲೆ ಅವಳು ಬೇಗ ಬೇಗ ನಡೆಯುತ್ತಾ ಹೊರಗಿನ ನಲ್ಲಿಯ ಕಡೆ ಹೋದದ್ದು ಕಿಟಕಿಯಿಂದ ಕಂಡಿತು. ದೂರದ ನಲ್ಲಿ. ಆ ವೇಗ ನನಗೆ ಗೊತ್ತಿರದಿದ್ದರೆ ಇದನ್ನೆಲ್ಲ ನಾನು ಮರೆತಿರುತ್ತಿದ್ದೆ.

ಯಾಕೆ ಹಾಗೆ ಮಾಡಿದೆ? ಸುಲಭದ ಉತ್ತರ, ಮಕ್ಕಳು ಕ್ರೂರಿಗಳು. ನನಗೆ ಅದು ಒಪ್ಪಿಗೆಯಿಲ್ಲ. ಆ ಹುಡುಗಿಯ ಮೇಲೆ ನನಗೆ ಒಂದಿಷ್ಟೂ ದ್ವೇಷ ಇರಲಿಲ್ಲ, ಅಸಡ್ಡೆ ಕೂಡ ಅಲ್ಲ. ನನಗಿದ್ದದ್ದು ಭಯ. ಅವಳ ಪಕ್ಕ ಕೂತರೆ ನಾವಿಬ್ಬರೂ ಒಂದೇ ಜಾತಿ ಅಂತ ಎಲ್ಲರಿಗೂ ಕಾಣುತ್ತದೆ. ಎರಡು ವರ್ಷ ಕಷ್ಟಪಟ್ಟು ಅಳಿಸಿದ್ದನ್ನು ಅವಳು ಒಂದೇ ಪ್ರಶ್ನೆಯಲ್ಲಿ ಹೊರಗೆಳೆದುಬಿಡುತ್ತಿದ್ದಳು. ಹುಟ್ಟಿದಾಗಿನಿಂದ ಆ ಊರಲ್ಲೇ ಇದ್ದ ಹುಡುಗಿಯರು ಬಹುಶಃ "ಕೂತ್ಕೋ" ಅನ್ನುತ್ತಿದ್ದರು. ಅವರಿಗೆ ಕಳೆದುಕೊಳ್ಳಲು ಏನಿತ್ತು? ಹೊಸಬರನ್ನು ದೂರ ಇಡುವುದು ಹಳಬರು ಅಂತ ಕಾದಂಬರಿಗಳು ಹೇಳುತ್ತವೆ. ನಾನು ಕಂಡಂತೆ ಆ ಕೆಲಸವನ್ನು ಜಾಸ್ತಿ ಶ್ರದ್ಧೆಯಿಂದ ಮಾಡುವವರು ಮೊನ್ನೆ ಮೊನ್ನೆಯಷ್ಟೇ ಒಳಗೆ ಬಂದವರು.

ಇದನ್ನು ಯಾರೂ ಯಾಕೆ ಬರೆಯುವುದಿಲ್ಲ ಅಂತ ನನಗೆ ತಕರಾರು. ಗೆಳತಿ ಸಿಕ್ಕಿದ ಕಡೆ ಪುಸ್ತಕ ಮುಗಿದುಬಿಡುತ್ತದೆ. ಮುಂದಿನ ವರ್ಷ ಅದೇ ಶಾಲೆಗೆ ಇನ್ನೊಬ್ಬಳು ಬಂದಾಗ ನಮ್ಮ ನಾಯಕಿ ಏನು ಮಾಡಿದಳು ಅನ್ನುವ ಅಧ್ಯಾಯವೇ ಇಲ್ಲ. ನನಗೆ ಕೇಳಿದರೆ ಅವಳು ಬೆಳೆದಳೋ ಇಲ್ಲವೋ ಅಂತ ಗೊತ್ತಾಗುವುದು ಆ ಅಧ್ಯಾಯದಲ್ಲೇ.

ಹೆಲನ್ ಕೇಳಿದ ಪ್ರಶ್ನೆ

ಅಕ್ಕನ ಮಗಳು ಊರಿಗೆ ಹೋದ ಮೇಲೆ ಆ ಸಾಲಿನ ಪುಸ್ತಕಗಳನ್ನು ಮತ್ತೆ ತೆಗೆದೆ. ಈ ಸಲ ನಾಯಕಿಯನ್ನು ಬಿಟ್ಟು, ಸುತ್ತ ಕೂತಿದ್ದವರನ್ನು ನೋಡುತ್ತಾ ಹೋದೆ. ಹಾಗೆ ನೋಡುವಾಗ ಜೇನ್ ಏರ್‌ನಲ್ಲಿ ಒಂದು ಕಡೆ ಸಿಕ್ಕಿಬಿದ್ದೆ. ಆ ದೃಶ್ಯ ಎಲ್ಲರಿಗೂ ಗೊತ್ತು. ಶಾಲೆಯ ಯಜಮಾನ ಬಂದು, ಹತ್ತು ವರ್ಷದ ಜೇನ್‌ಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಇವಳು ಸುಳ್ಳಿ, ಯಾರೂ ಮಾತಾಡಿಸಬೇಡಿ ಅಂತ ಎಲ್ಲರೆದುರು ಹೇಳಿ ಹೋಗುತ್ತಾನೆ. ಅವಮಾನದಿಂದ ಜೇನ್‌ಗೆ ಉಸಿರು ಕಟ್ಟುತ್ತಿರುತ್ತದೆ. ಆಗ ಅದೇ ಶಾಲೆಯ ಹುಡುಗಿ ಹೆಲನ್ ಬರ್ನ್ಸ್ ಎದ್ದು ಅವಳ ಮುಂದಿನಿಂದ ಹಾದುಹೋಗುತ್ತಾಳೆ, ಹೋಗುವಾಗ ಕಣ್ಣೆತ್ತಿ ನೋಡುತ್ತಾಳೆ. ಇಷ್ಟು ನನಗೆ ನೆನಪಿತ್ತು. ನೆನಪಿಲ್ಲದ್ದು ಹೆಲನ್ ಎದ್ದದ್ದಕ್ಕೆ ಕೊಟ್ಟ ಕಾರಣ. ಅವಳು ಹೊಲಿಗೆಯ ಬಗ್ಗೆ ಟೀಚರ್ ಹತ್ತಿರ ಏನೋ ಕೇಳಲು ಹೋಗುತ್ತಾಳೆ. ಎಂಥ ಕ್ಷುಲ್ಲಕ ಪ್ರಶ್ನೆ ಅಂದರೆ, ಇದನ್ನೂ ಕೇಳುತ್ತಾರಾ ಅಂತ ಬೈಸಿಕೊಳ್ಳುತ್ತಾಳೆ. ಬೈಸಿಕೊಂಡು ವಾಪಸ್ ಬರುವಾಗ ಮತ್ತೆ ಜೇನ್ ಮುಂದಿನಿಂದ ಬಂದು ನಗುತ್ತಾಳೆ. ಆ ಹೊತ್ತಿಗೆ ಹೆಲನ್‌ಳ ತೋಳಿಗೂ ಗಲೀಜಿನವಳು ಅನ್ನುವ ಪಟ್ಟಿ ಕಟ್ಟಿರುತ್ತಾರೆ. ಅವಳ ಜಾಗವೇನೂ ಭದ್ರವಾಗಿರಲಿಲ್ಲ.

ಪ್ರಶ್ನೆ ಬರೀ ನೆಪ. ನಾಲ್ಕು ಹೆಜ್ಜೆ ಹೋಗಿ ನಾಲ್ಕು ಹೆಜ್ಜೆ ಬರಲು ಬೇಕಾಗಿದ್ದ ನೆಪ. ನಾನು ಹೇಳಿದ್ದೂ ನೆಪವೇ. ಎರಡೂ ಅಷ್ಟೇ ಚಿಕ್ಕವು, ಎರಡನ್ನೂ ಆ ಕ್ಷಣದಲ್ಲೇ ಕಟ್ಟಿದ್ದು. ಈ ಹುಡುಗಿಯನ್ನು ಶಾರ್ಲಟ್ ಬ್ರಾಂಟಿ ಸುಮ್ನೆ ಕಲ್ಪಿಸಿಕೊಂಡು ಬರೆದದ್ದಲ್ಲ. ಅವರ ಅಕ್ಕ ಮರಿಯಾಳನ್ನೇ ನೆನೆದು ಬರೆದದ್ದು. ಅಕ್ಕ ತಂಗಿಯರು ಒಟ್ಟಿಗೆ ವಸತಿ ಶಾಲೆಯೊಂದರಲ್ಲಿದ್ದರು. ಅಲ್ಲಿ ಕ್ಷಯ ಹಿಡಿದು ಮನೆಗೆ ಬಂದ ಮರಿಯಾ 1825ರಲ್ಲಿ ತೀರಿಹೋದಳು, 11 ವರ್ಷಕ್ಕೆ. ಆರು ವಾರದೊಳಗೆ ಇನ್ನೊಬ್ಬ ಅಕ್ಕ ಎಲಿಜಬೆತ್ ಕೂಡ. ಶಾರ್ಲಟ್‌ಗೆ ಆಗ ಒಂಬತ್ತು. ಪುಸ್ತಕ ಬಂದದ್ದು 22 ವರ್ಷಗಳ ಮೇಲೆ, ಕರರ್ ಬೆಲ್ ಅನ್ನುವ ಬೇರೆ ಹೆಸರಿನಲ್ಲಿ. ಆ ನಡೆದಾಟ, ಆ ಬೈಗುಳ, ಆ ನಗು ನಿಜಕ್ಕೂ ನಡೆದದ್ದೋ ಕಟ್ಟಿದ್ದೋ, ನನಗೆ ಅದು ಬೇಕಾಗಿಲ್ಲ. ಬೈಸಿಕೊಂಡು ವಾಪಸ್ ಬರುವ ಹುಡುಗಿಯನ್ನು ಇಷ್ಟು ಕಾಲ ಕಾಣದೇ ಹೋದೆನಲ್ಲ ಅಂತ ಆಯಿತು. ಪ್ರತಿಸಲವೂ ಓದುವಾಗ ನಾನು ಸ್ಟೂಲಿನ ಮೇಲೇ ನಿಂತಿರುತ್ತಿದ್ದೆ.

ವಾರದ ಹಿಂದೆ ಫೋನಿನಲ್ಲಿ ಅಕ್ಕನ ಮಗಳಿಗೆ ಕೊಡೆಯ ಹುಡುಗಿಯ ವಿಷಯ ಹೇಳಿದೆ. ಮರ್ಯಾದೆ ಹೋಗುತ್ತದೆ ಅಂತ ಗೊತ್ತಿದ್ದೇ ಹೇಳಿದೆ. ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಹೆಸರೇನು?" ಅಂತ ಕೇಳಿದಳು. ನನಗೆ ನೆನಪಾಗಲಿಲ್ಲ. ಆ ವರ್ಷದ ತರಗತಿಯ ಫೋಟೋ ಹುಡುಕಿ ತೆಗೆದೆ. ಹಿಂದೆ ಎಲ್ಲರ ಹೆಸರೂ ಸಾಲಾಗಿ ಬರೆದಿದೆ, ನನ್ನದು ಎರಡನೇ ಸಾಲಿನಲ್ಲಿ. ಅವಳು ಇಲ್ಲ. ಫೋಟೋ ತೆಗೆದದ್ದು ವರ್ಷದ ಶುರುವಿನಲ್ಲಿ, ಅವಳು ಬಂದದ್ದು ಆಮೇಲೆ. ಮುಂದಿನ ವರ್ಷದ ಫೋಟೋ ಹೊತ್ತಿಗೆ ಅವರು ಬೇರೆ ಊರಿಗೆ ಹೋಗಿಯಾಗಿತ್ತು. ಹೆಸರು 'ಸು' ಅಂತ ಶುರುವಾಗುತ್ತಿತ್ತು ಅನ್ನಿಸುತ್ತದೆ. ಸುಧಾ ಅಲ್ಲ, ಸುಮಾ ಅಲ್ಲ. ಕೊಡೆಯ ಹಿಡಿ ಮಾತ್ರ ಚೆನ್ನಾಗಿ ನೆನಪಿದೆ, ಮರದ್ದು, ತುದಿಯಲ್ಲಿ ಸ್ವಲ್ಪ ಸೀಳಿತ್ತು, ಅದಕ್ಕೆ ದಾರ ಸುತ್ತಿದ್ದರು.